ಸುತ್ತು, ಚಿಟಿಕೆ, ಕ್ಯಾಪ್ಸೂಲು: ಮದ್ದಿನ ಅಳತೆಯ ಕಥೆ

ಕಳೆದ ದೀಪಾವಳಿಗೆ ಡೊಂಬಿವಲಿಯಲ್ಲಿರುವ ಅಕ್ಕನ ಮನೆಗೆ ಹೋಗಿದ್ದೆ. ಊಟವಾದ ಮೇಲೆ ಅಕ್ಕ ಮೇಜಿನ ಮೇಲೆ ಹಳೆಯ ಪತ್ರಿಕೆ ಹಾಸಿ, ಖಾಲಿ ಕ್ಯಾಪ್ಸೂಲುಗಳನ್ನು ಒಂದೊಂದಾಗಿ ಬಿಚ್ಚಿ, ಮೆಂತ್ಯದ ಪುಡಿ ತುಂಬುತ್ತ ಕುಳಿತಳು. ಭಾವನವರಿಗೆ ಸಕ್ಕರೆ ಕಾಯಿಲೆ. ಮೆಂತ್ಯ ಒಳ್ಳೆಯದೆಂದು ಯಾರೋ ಹೇಳಿದ್ದಾರೆ. ಆದರೆ ಅದರ ಕಹಿ ಅವರಿಗೆ ಆಗದು. ಆದ್ದರಿಂದ ಪುಡಿ ಊರಿನಿಂದ ಬರುತ್ತದೆ, ಖಾಲಿ ಕ್ಯಾಪ್ಸೂಲು ಪೇಟೆಯಿಂದ ಬರುತ್ತದೆ, ಎರಡನ್ನೂ ಕೂಡಿಸುವ ಕೆಲಸ ಅಕ್ಕನದು.

“ಒಂದಕ್ಕೆ ಎಷ್ಟು ಹಿಡಿಯುತ್ತದೆ ಅಕ್ಕಾ?” ಎಂದು ಕೇಳಿದೆ.

“ತುಂಬುವಷ್ಟು” ಎಂದಳು.

ನಾನು ನಕ್ಕೆ. ಅವಳು ನಗಲಿಲ್ಲ. ಹದಿನೈದು ದಿನಗಳ ಹಿಂದೆ ನಡೆದದ್ದನ್ನು ಹೇಳಿದಳು. ಮಧ್ಯಾಹ್ನದ ಹೊತ್ತು ಭಾವನವರಿಗೆ ಇದ್ದಕ್ಕಿದ್ದಂತೆ ಮೈಯೆಲ್ಲ ಬೆವರಿ, ಕೈ ನಡುಗಿ, ಕಣ್ಣು ಕತ್ತಲಿಟ್ಟಿತಂತೆ. ಸಕ್ಕರೆ ನೀರು ಕುಡಿಸಿ ವೈದ್ಯರಲ್ಲಿಗೆ ಕರೆದೊಯ್ದರು. “ನಾನು ಕೊಟ್ಟ ಮಾತ್ರೆಯ ಜೊತೆಗೆ ಬೇರೆ ಏನಾದರೂ ತೆಗೆದುಕೊಳ್ಳುತ್ತೀರಾ?” ಎಂದು ವೈದ್ಯರು ಕೇಳಿದರು. “ಮೆಂತ್ಯದ ಕ್ಯಾಪ್ಸೂಲು, ದಿನಕ್ಕೆ ಎರಡು” ಎಂದರು ಭಾವ. “ಎರಡು ಎಂದರೆ ಎಷ್ಟು?” ಆ ಪ್ರಶ್ನೆಗೆ ಗಂಡ ಹೆಂಡತಿ ಇಬ್ಬರಲ್ಲೂ ಉತ್ತರವಿರಲಿಲ್ಲ. ಅಂದು ಊಟವೂ ತಡವಾಗಿತ್ತು. ಆಗಿದ್ದೆಲ್ಲ ಮೆಂತ್ಯದಿಂದಲೇ ಎಂದು ಹೇಳುವ ಹಾಗಿಲ್ಲ. ಆದರೂ ಪ್ರಶ್ನೆ ಪ್ರಶ್ನೆಯಾಗಿಯೇ ಉಳಿದಿತ್ತು.

ಪಕ್ಕದ ಮನೆಯ ಹುಡುಗನ ಬಳಿ ಚಿನ್ನ ತೂಗುವಂಥ ಸಣ್ಣ ತಕ್ಕಡಿಯಿತ್ತು. ತರಿಸಿಕೊಂಡು ಹತ್ತು ಕ್ಯಾಪ್ಸೂಲುಗಳನ್ನು ತೂಗಿದೆ. ಹೊರಚಿಪ್ಪಿನ ಭಾರ ಕಳೆದರೆ ಅತಿ ಹಗುರವಾದುದರಲ್ಲಿ 270 ಮಿಲಿಗ್ರಾಂ ಪುಡಿ, ಅತಿ ಭಾರವಾದುದರಲ್ಲಿ 430. ತುಂಬಿದ್ದು ಒಂದೇ ಕೈ, ಒಂದೇ ಪುಡಿ, ಒಂದೇ ಮಧ್ಯಾಹ್ನ!

ಅದನ್ನು ತೂಗುತ್ತಿದ್ದಾಗ ನನಗೆ ನೆನಪಾದವರು ನಮ್ಮ ತಂದೆ. ಅವರು ಮಲೆನಾಡಿನ ಒಂದು ಊರಿನ ಔಷಧಾಲಯದಲ್ಲಿ ಕಾಂಪೌಂಡರ್ ಆಗಿದ್ದರು. ಅವರು ಕೈಯಾರೆ ಮಾಡುತ್ತಿದ್ದ ಕೆಲಸ ಇಂದು ಅಕ್ಕನ ಅಡಿಗೆಮನೆಗೆ ಬಂದಿದೆ. ಆದರೆ ಆ ಕೆಲಸದ ಜೊತೆಗಿದ್ದ ತಕ್ಕಡಿ ಮಾತ್ರ ದಾರಿಯಲ್ಲೆಲ್ಲೋ ಬಿಟ್ಟುಹೋಗಿದೆ. ಎಲ್ಲಿ ಬಿಟ್ಟುಹೋಯಿತು ಎಂಬುದನ್ನು ತಿಳಿಯಬೇಕಾದರೆ ಈ ಪುಟ್ಟ ಚಿಪ್ಪಿನ ಚರಿತ್ರೆಯನ್ನು ಸ್ವಲ್ಪ ನೋಡಬೇಕು.

ಸುತ್ತು ಮತ್ತು ಗುಲಗಂಜಿ

ಹಳೆಯ ಮನೆಗಳಲ್ಲಿ ಅಳತೆಯೇ ಇರಲಿಲ್ಲವೆಂದು ತಿಳಿಯಬಾರದು. ಹಸುಗೂಸಿಗೆ ಬಜೆ, ಜಾಯಿಕಾಯಿ ತೇಯ್ದು ನೆಕ್ಕಿಸುವಾಗ ಅಜ್ಜಿಯಂದಿರು ಲೆಕ್ಕವಿಡುತ್ತಿದ್ದರು. ತೇಯುವ ಕಲ್ಲಿನ ಮೇಲೆ ಬಜೆ ಒಂದು ಸುತ್ತು, ಜಾಯಿಕಾಯಿ ಎರಡು ಸುತ್ತು. ಮಗು ಬೆಳೆದಂತೆ ಸುತ್ತೂ ಬೆಳೆಯುತ್ತಿತ್ತು. ಬೇರನ್ನು ತೂಗಲಾಗದ ಕಡೆ ಕೈಯ ಚಲನೆಯನ್ನೇ ಎಣಿಸಿದ ಜಾಣತನ ಅದು. ದೊಡ್ಡವರ ಚೂರ್ಣಕ್ಕೆ ಚಿಟಿಕೆಯ ಅಳತೆ. ಮೂರು ಬೆರಳ ತುದಿಗೆ ಬಂದಷ್ಟು ಪುಡಿ, ಜೇನುತುಪ್ಪವೋ ಬಿಸಿನೀರೋ ಅನುಪಾನ.

ಇನ್ನೂ ಕಟ್ಟುನಿಟ್ಟಾಗಿ ಬೇಕಾದಾಗ ವೈದ್ಯರೂ ಅಕ್ಕಸಾಲಿಗರೂ ಹಿಡಿದದ್ದು ಒಂದೇ ಬೀಜವನ್ನು. ಅದೇ ಕೆಂಪು ಮೈ, ಕಪ್ಪು ಕಣ್ಣಿನ ಗುಲಗಂಜಿ. 96 ಗುಲಗಂಜಿಗೆ ಒಂದು ತೊಲ. ಒಂದು ತೊಲ ಎಂದರೆ ಇಂದಿನ ಲೆಕ್ಕದಲ್ಲಿ 11.66 ಗ್ರಾಂ. ಹಾಗಾದರೆ ಒಂದು ಗುಲಗಂಜಿಯ ತೂಕ ಸುಮಾರು 120 ಮಿಲಿಗ್ರಾಂ. ಇಂಗ್ಲಿಷ್ ವೈದ್ಯ ಬಂದ ಮೇಲೂ ಬೀಜದ ಅಳತೆ ಹೋಗಲಿಲ್ಲ, ಬೀಜ ಮಾತ್ರ ಬೇರೆಯಾಯಿತು. ಅವರ ‘ಗ್ರೇನ್’ ಎಂದರೆ ಕಾಳು; ಅದರ ತೂಕ 64.8 ಮಿಲಿಗ್ರಾಂ. 20 ಗ್ರೇನಿಗೆ ಒಂದು ಸ್ಕ್ರೂಪಲ್, 60 ಗ್ರೇನಿಗೆ ಒಂದು ಡ್ರಾಮ್. ನಮ್ಮ ತಂದೆಯವರ ಹಿತ್ತಾಳೆಯ ತೂಕದ ಕಲ್ಲುಗಳು ಇದೇ ಲೆಕ್ಕದವು. ಭಾರತದಲ್ಲಿ ಮೆಟ್ರಿಕ್ ತೂಕ 1958ರ ಅಕ್ಟೋಬರಿನಿಂದ ಹಂತಹಂತವಾಗಿ ಜಾರಿಗೆ ಬಂತು. ಆದರೂ ಹಳೆಯ ಕಾಳು ಪೂರ್ತಿ ಸತ್ತಿಲ್ಲ. ಆಸ್ಪಿರಿನ್ ಮಾತ್ರೆಯ ಮೇಲೆ 325 ಮಿಲಿಗ್ರಾಂ ಎಂಬ ವಿಚಿತ್ರ ಸಂಖ್ಯೆಯನ್ನು ನೋಡಿ ಕೆಲವರಾದರೂ ಯೋಚಿಸಿರಬಹುದು. ಅದು ಹಿಂದಿನ ಐದು ಗ್ರೇನೇ, ಉಡುಪು ಬದಲಿಸಿ ನಿಂತಿದೆ.

ಪೊಟ್ಟಣದ ಕಾಲ

ಹತ್ತೊಂಬತ್ತನೆಯ ಶತಮಾನದಲ್ಲಿ ನಮ್ಮ ದೇಶದಲ್ಲಿ ಅಳತೆಯ ಮಹತ್ವವನ್ನು ಹಳ್ಳಿಹಳ್ಳಿಗೆ ಮುಟ್ಟಿಸಿದ್ದು ಮಲೇರಿಯಾ ಎಂದರೆ ತಪ್ಪಾಗದು. ಸಿಂಕೋನ ಮರದ ತೊಗಟೆಯಿಂದ ಬರುವ ಕ್ವಿನೈನ್ ಅದಕ್ಕೆ ಮದ್ದು. 1860ರ ದಶಕದಲ್ಲಿ ದಕ್ಷಿಣ ಅಮೆರಿಕದಿಂದ ತಂದ ಸಿಂಕೋನ ಗಿಡಗಳನ್ನು ನೀಲಗಿರಿಯಲ್ಲಿ ನೆಟ್ಟರು. ನಮ್ಮ ಗುಂಡ್ಲುಪೇಟೆಯ ಕಡೆಯಿಂದ ಗೂಡಲೂರು ದಾಟಿ ಊಟಿಗೆ ಹೋಗುವವರು ನಡುವಟ್ಟಂ ಎಂಬ ಊರನ್ನು ಹಾದುಹೋಗುತ್ತಾರೆ. ಅಲ್ಲಿ ಆ ತೋಟವೂ ಕ್ವಿನೈನ್ ಕಾರ್ಖಾನೆಯೂ ಇದ್ದವು. 1892ರಲ್ಲಿ ಬಂಗಾಳದ ಅಂಚೆ ಕಚೇರಿಗಳಲ್ಲಿ ಕ್ವಿನೈನ್ ಪುಡಿಯ ಪೊಟ್ಟಣಗಳನ್ನು ಒಂದೊಂದು ಪೈಸೆಗೆ ಮಾರತೊಡಗಿದರು. ಮುಂದೆ ಇತರ ಪ್ರಾಂತಗಳಿಗೂ ಈ ಪದ್ಧತಿ ಹಬ್ಬಿತು. ಓದು ಬಾರದವನಿಗೂ ‘ಒಂದು ಪೊಟ್ಟಣ’ ಎಂಬ ಮಾತು ತಿಳಿಯುತ್ತದೆ. ಪೊಟ್ಟಣದೊಳಗಿನ ಪುಡಿಯನ್ನು ಮೊದಲೇ ತೂಗಿ ಇಟ್ಟವನು ಬೇರೆ ಇದ್ದ ಎಂಬುದು ಇಲ್ಲಿ ಮುಖ್ಯ.

ನಮ್ಮ ತಂದೆಯವರ ಔಷಧಾಲಯದಲ್ಲಿಯೂ ಹೀಗೆಯೇ. ಹನ್ನೆರಡು ಪೊಟ್ಟಣ ಬೇಕೆಂದರೆ ಹನ್ನೆರಡಕ್ಕೂ ಸೇರಿ ಪುಡಿಯನ್ನು ಒಟ್ಟಿಗೆ ತೂಗುತ್ತಿದ್ದರು. ಕಲ್ವದಲ್ಲಿ ಅರೆದು, ಗಾಜಿನ ಹಲಗೆಯ ಮೇಲೆ ಉದ್ದನೆಯ ಪಟ್ಟಿಯಂತೆ ಸಮನಾಗಿ ಹರಡಿ, ಚಪ್ಪಟೆ ಚೂರಿಯಿಂದ ಮೊದಲು ಅರ್ಧ, ಅರ್ಧದಲ್ಲಿ ಅರ್ಧ, ಅದರಲ್ಲಿ ಮೂರು ಪಾಲು, ಹೀಗೆ ಹನ್ನೆರಡು ಭಾಗ ಮಾಡುತ್ತಿದ್ದರು. ಕಣ್ಣಳತೆಯಲ್ಲಿ ಎಳ್ಳಷ್ಟು ಹೆಚ್ಚು ಕಡಿಮೆಯಾದರೂ ಒಟ್ಟು ತೂಕ ತಪ್ಪುತ್ತಿರಲಿಲ್ಲ. ವಿಷಸ್ವಭಾವದ ಮದ್ದಾದರೆ ಈ ಪದ್ಧತಿಯನ್ನು ಒಪ್ಪುತ್ತಿರಲಿಲ್ಲ. ಪೊಟ್ಟಣಕ್ಕೆ ಪೊಟ್ಟಣ ತೂಗಲೇಬೇಕು. ಕಾಸಿನಷ್ಟು ಮದ್ದನ್ನು ಬೊಗಸೆಯಷ್ಟು ಹಾಲುಸಕ್ಕರೆಗೆ ಬೆರೆಸುವಾಗಲೂ ಒಮ್ಮೆಲೇ ಸುರಿಯುತ್ತಿರಲಿಲ್ಲ. ಮದ್ದಿನಷ್ಟೇ ಸಕ್ಕರೆ ಹಾಕಿ ಅರೆದು, ಆ ಮಿಶ್ರಣದಷ್ಟೇ ಮತ್ತೆ ಸಕ್ಕರೆ ಹಾಕಿ ಅರೆದು, ಹೀಗೆ ಇಮ್ಮಡಿಸುತ್ತ ಹೋಗುತ್ತಿದ್ದರು. ಹಾಗೆ ಮಾಡಿದರೆ ಮಾತ್ರ ಮೊದಲ ಪೊಟ್ಟಣಕ್ಕೂ ಕೊನೆಯ ಪೊಟ್ಟಣಕ್ಕೂ ಒಂದೇ ಗುಣವಿರುತ್ತದೆ.

ಪೊಟ್ಟಣಕ್ಕೆ ಒಂದೇ ದೋಷ. ಬಿಚ್ಚಿ ಬಾಯಿಗೆ ಹಾಕಿಕೊಂಡರೆ ಕಹಿ. ಆದರೆ ಆ ಕಹಿಗೂ ಒಂದು ಉಪಕಾರವಿತ್ತು. ನಿನ್ನೆಗಿಂತ ಇಂದು ಹೆಚ್ಚಾದರೆ ನಾಲಿಗೆ ಕೂಡಲೇ ಹೇಳುತ್ತಿತ್ತು.

ಪಾದರಸದ ಚೀಲ

ನಾಲಿಗೆಯ ಕಣ್ಣು ತಪ್ಪಿಸಿ ಮದ್ದನ್ನು ಹೊಟ್ಟೆಗೆ ದಾಟಿಸುವ ಉಪಾಯ ಪ್ಯಾರಿಸ್ಸಿನಲ್ಲಿ ಹುಟ್ಟಿತು. ಕೊಪೈಬಾ ಎಂಬ ಮರದ ಎಣ್ಣೆಯನ್ನು ಆಗಿನ ವೈದ್ಯರು ಬಹಳವಾಗಿ ಬರೆದುಕೊಡುತ್ತಿದ್ದರು. ಅದರ ರುಚಿಯೋ ವಾಕರಿಕೆ ಬರುವಂಥದು. ಔಷಧಶಾಸ್ತ್ರದ ವಿದ್ಯಾರ್ಥಿ ಮೋಥ್ ಎಂಬಾತ ಔಷಧ ವ್ಯಾಪಾರಿ ದ್ಯುಬ್ಲಾಂಕನ ಜೊತೆ ಸೇರಿ ಇದಕ್ಕೊಂದು ದಾರಿ ಹುಡುಕಿದ. ಪುಟ್ಟ ತೊಗಲಿನ ಚೀಲದಲ್ಲಿ ಪಾದರಸ ತುಂಬಿ, ಅದನ್ನು ಕರಗಿದ ಜಿಲಾಟಿನಿನಲ್ಲಿ ಅದ್ದಿ ತೆಗೆಯುವುದು. ಮೇಲಿನ ಪೊರೆ ಗಟ್ಟಿಯಾದ ಮೇಲೆ ಪಾದರಸವನ್ನು ಹೊರಕ್ಕೆ ಸುರಿದರೆ ಚೀಲ ಸೊರಗುತ್ತದೆ, ಪೊರೆ ಸುಲಭವಾಗಿ ಬಿಟ್ಟುಕೊಳ್ಳುತ್ತದೆ. ಆ ಪೊರೆಯೊಳಗೆ ಎಣ್ಣೆ ತುಂಬಿ ಬಾಯಿಗೆ ಒಂದು ತೊಟ್ಟು ಜಿಲಾಟಿನ್ ಇಟ್ಟು ಮುಚ್ಚುವುದು. 1834ರ ಮಾರ್ಚಿಯಲ್ಲಿ ಅವರಿಗೆ ಇದರ ಪೇಟೆಂಟ್ ದೊರೆಯಿತು. ಕ್ಯಾಪ್ಸೂಲಿನ ಜನ್ಮ ಇಲ್ಲಿಂದ.

ಆದರೆ ಇದು ಎಣ್ಣೆಗೆ ಒಗ್ಗಿದಷ್ಟು ಪುಡಿಗೆ ಒಗ್ಗಲಿಲ್ಲ. ಪುಡಿಗೆ ತಕ್ಕ ಮನೆ ಕಟ್ಟಿದವನು ಪ್ಯಾರಿಸ್ಸಿನವನೇ ಆದ ಲೆಯುಬಿ. 1846ರಲ್ಲಿ ಪೇಟೆಂಟ್ ಪಡೆದ ಅವನ ಕ್ಯಾಪ್ಸೂಲಿಗೆ ಎರಡು ಭಾಗ, ಒಂದು ಒಡಲು, ಒಂದು ಮುಚ್ಚಳ. ಒಂದರೊಳಗೊಂದು ಸೇರಿದಾಗ ಅದು ರೇಷ್ಮೆಗೂಡಿನ ಹಾಗೆ ಕಾಣುತ್ತದೆಂದು ಅವನೇ ಹೋಲಿಸಿದ್ದ. ರೇಷ್ಮೆಯ ನಾಡಿನವರಾದ ನಮಗೆ ಆ ಹೋಲಿಕೆಯನ್ನು ಯಾರೂ ಬಿಡಿಸಿ ಹೇಳಬೇಕಾಗಿಲ್ಲ. 1872ರಲ್ಲಿ ಲಿಮೂಸಾಂ ಎಂಬ ಇನ್ನೊಬ್ಬ ಫ್ರೆಂಚ್ ಔಷಧಕಾರ ಹಪ್ಪಳದಂತೆ ತೆಳ್ಳಗಿನ ಹಿಟ್ಟಿನ ಬಿಲ್ಲೆಗಳೆರಡರ ನಡುವೆ ಪುಡಿಯಿಟ್ಟು, ಅಂಚು ಒದ್ದೆ ಮಾಡಿ ಒತ್ತಿ ಮುಚ್ಚುವ ಪದ್ಧತಿ ತಂದ. ಅದೂ ಕೆಲವು ಕಾಲ ಚೆನ್ನಾಗಿ ನಡೆಯಿತು. ಕೊನೆಗೆ ಗೆದ್ದದ್ದು ರೇಷ್ಮೆಗೂಡೇ.

ಗೆಲ್ಲಿಸಿದ್ದು ಅಮೆರಿಕದ ಡೆಟ್ರಾಯಿಟ್ ನಗರ. 1870ರ ದಶಕದಲ್ಲಿ ಹ್ಯೂಬೆಲ್ ಎಂಬ ಔಷಧ ವ್ಯಾಪಾರಿ ಅಲ್ಲಿ ಈ ಚಿಪ್ಪುಗಳನ್ನು ದೊಡ್ಡ ಪ್ರಮಾಣದಲ್ಲಿ ತಯಾರಿಸಿದ. ಪಾರ್ಕ್ ಡೇವಿಸ್ ಕಂಪನಿ ಅದನ್ನು ಮಾರಾಟಕ್ಕೆ ತಂದಿತು. 1931ರಲ್ಲಿ ಆರ್ಥರ್ ಕಾಲ್ಟನ್ ರೂಪಿಸಿದ ಯಂತ್ರ ಒಡಲನ್ನೂ ಮುಚ್ಚಳವನ್ನೂ ಏಕಕಾಲಕ್ಕೆ ಅದ್ದಿ, ಒಣಗಿಸಿ, ಕತ್ತರಿಸಿ, ಜೋಡಿಸಿ ಕೊಡತೊಡಗಿತು. ಖಾಲಿ ಚಿಪ್ಪು ಅಗ್ಗವಾಯಿತು.

ಯಂತ್ರದಿಂದ ತುಂಬುವ ಪದ್ಧತಿ ಬರುವ ಮೊದಲು ಔಷಧದಂಗಡಿಯವರು ಖಾಲಿ ಚಿಪ್ಪುಗಳನ್ನು ಕೊಂಡು ತಾವೇ ತುಂಬುತ್ತಿದ್ದರು. ತೂಗಿದ ಪುಡಿಯನ್ನು ಹಲಗೆಯ ಮೇಲೆ ಸಮನಾಗಿ ಹರಡಿ, ಒಡಲಿನ ಬಾಯನ್ನು ಅದರ ಮೇಲೆ ಮತ್ತೆ ಮತ್ತೆ ಕುಟ್ಟಿ, ತುಂಬಿದ ಮೇಲೆ ತಕ್ಕಡಿಗೆ ಹಾಕುತ್ತಿದ್ದರು. ಎದುರು ತಟ್ಟೆಯಲ್ಲಿ ತೂಕದ ಕಲ್ಲಿನ ಜೊತೆಗೆ ಒಂದು ಖಾಲಿ ಚಿಪ್ಪು. ಕಡಿಮೆಯಾದರೆ ಇನ್ನೊಂದಿಷ್ಟು ಕುಟ್ಟುವುದು, ಹೆಚ್ಚಾದರೆ ಉದುರಿಸುವುದು. ಇಂದು ಅಕ್ಕ ಮಾಡುವುದೂ ಇದೇ ಕೆಲಸ. ಆದರೆ ಕೊನೆಯ ಹೆಜ್ಜೆಯೊಂದು ಬಿಟ್ಟುಹೋಗಿದೆ. ತಕ್ಕಡಿ ಬಿಟ್ಟುಹೋದದ್ದು ಇಲ್ಲಿಯೇ.

ಮುಚ್ಚಿದ್ದನ್ನು ನಂಬುವುದು ಹೇಗೆ?

ಕ್ಯಾಪ್ಸೂಲು ಕಹಿಯನ್ನು ಮುಚ್ಚಿತು, ಜೊತೆಗೆ ಎಲ್ಲವನ್ನೂ ಮುಚ್ಚಿತು. ಒಳಗೆ ಏನಿದೆ, ಎಷ್ಟಿದೆ ಎಂಬುದು ಕಣ್ಣಿಗೂ ತಿಳಿಯದು, ನಾಲಿಗೆಗೂ ತಿಳಿಯದು. ನಾಲಿಗೆಯ ಕಾವಲು ಹೋದ ಮೇಲೆ ಆ ಜಾಗಕ್ಕೆ ಬೇರೆ ಕಾವಲು ಬೇಕಾಯಿತು. ನಮ್ಮ ದೇಶದಲ್ಲಿ ಔಷಧಗಳ ಕಲಬೆರಕೆ, ಸತ್ವಹೀನತೆಗಳ ವಿಚಾರಣೆಗೆ 1930ರಲ್ಲಿ ಕರ್ನಲ್ ರಾಮನಾಥ ಚೋಪ್ರಾ ಅವರ ಅಧ್ಯಕ್ಷತೆಯಲ್ಲಿ ಸಮಿತಿ ನೇಮಕವಾಯಿತು. ಅದರ ವರದಿಯ ಫಲವಾಗಿ 1940ರಲ್ಲಿ ಔಷಧ ಕಾಯಿದೆ ಬಂತು. 1948ರ ಫಾರ್ಮಸಿ ಕಾಯಿದೆ ಮದ್ದು ಕೂಡಿಸಿ ಕೊಡುವವನಿಗೂ ಓದು ಬೇಕೆಂದು ವಿಧಿಸಿತು.

ಇಂದು ಭಾರತೀಯ ಔಷಧ ಸಂಹಿತೆಯ ಪ್ರಕಾರ ಕಾರ್ಖಾನೆಯಲ್ಲಿ ಇಪ್ಪತ್ತು ಕ್ಯಾಪ್ಸೂಲುಗಳನ್ನು ತೆಗೆದು ಒಳಗಿನ ಪುಡಿಯನ್ನು ತೂಗಿ ನೋಡುತ್ತಾರೆ. ಸರಾಸರಿ ತೂಕ 300 ಮಿಲಿಗ್ರಾಮಿಗಿಂತ ಕಡಿಮೆಯಿದ್ದರೆ ನೂರಕ್ಕೆ ಹತ್ತು, 300 ಅಥವಾ ಹೆಚ್ಚಿದ್ದರೆ ನೂರಕ್ಕೆ ಏಳೂವರೆಯಷ್ಟು ವ್ಯತ್ಯಾಸಕ್ಕೆ ಅವಕಾಶ. ಇಪ್ಪತ್ತರಲ್ಲಿ ಎರಡಕ್ಕಿಂತ ಹೆಚ್ಚು ಈ ಗೆರೆ ದಾಟಬಾರದು. ಅಕ್ಕನ ಹತ್ತು ಕ್ಯಾಪ್ಸೂಲುಗಳ ಸರಾಸರಿ 350 ಇತ್ತು. ಅವುಗಳಲ್ಲಿ ಅತಿ ಹಗುರವಾದುದೂ ಅತಿ ಭಾರವಾದುದೂ ಸರಾಸರಿಯಿಂದ ನೂರಕ್ಕೆ ಇಪ್ಪತ್ತಕ್ಕೂ ಮಿಕ್ಕಿ ದೂರ ನಿಂತಿದ್ದವು.

ಬಿಚ್ಚಿ ಮುಚ್ಚಲು ಬರುವ ಚಿಪ್ಪಿಗೆ ಇನ್ನೊಂದು ಅಪಾಯವಿರುವುದೂ ಒಮ್ಮೆ ಜಗತ್ತಿಗೆ ಗೊತ್ತಾಯಿತು. 1982ರಲ್ಲಿ ಶಿಕಾಗೋ ಪ್ರದೇಶದಲ್ಲಿ ಯಾರೋ ದುರುಳರು ಅಂಗಡಿಗಳಲ್ಲಿದ್ದ ಟೈಲೆನಾಲ್ ಕ್ಯಾಪ್ಸೂಲುಗಳಲ್ಲಿ ಸಯನೈಡ್ ತುಂಬಿಟ್ಟರು. ಏಳು ಮಂದಿ ಸತ್ತರು. ಸೀಸೆಯ ಬಾಯಿಗೆ ಮುದ್ರೆ ಹಾಕಿ, ಅದು ಹರಿದಿದ್ದರೆ ಕೊಳ್ಳಬೇಡಿರೆಂದು ಎಚ್ಚರಿಸುವ ಪದ್ಧತಿ ಬೇರೂರಿದ್ದು ಆ ದುರಂತದ ನಂತರ.

ತುಂಬಿದ್ದೆಲ್ಲ ತೂಕವಲ್ಲ

ಮನೆಯಲ್ಲಿ ತುಂಬುವವರು ಎಡವುವುದು ಒಂದೇ ಕಲ್ಲಿಗೆ. ಚಿಪ್ಪು ಅಳೆಯುವುದು ಜಾಗವನ್ನು, ತೂಕವನ್ನಲ್ಲ. ಚಿಪ್ಪುಗಳಿಗೆ ಮೂರು ಸೊನ್ನೆಯಿಂದ ಐದರವರೆಗೆ ಸಂಖ್ಯೆಗಳಿವೆ. ಸಂಖ್ಯೆ ಏರಿದಂತೆ ಗಾತ್ರ ಇಳಿಯುತ್ತದೆ. ಸಾಮಾನ್ಯವಾಗಿ ಮನೆಗೆ ತರುವ ಸೊನ್ನೆ ಸಂಖ್ಯೆಯದರ ಒಡಲಲ್ಲಿ 0.68 ಮಿಲಿಲೀಟರ್ ಜಾಗವಿದೆ. ಒಂದು ಮಿಲಿಲೀಟರಿಗೆ ಅರ್ಧ ಗ್ರಾಂ ತೂಗುವ ಹಗುರ ಪುಡಿಯಾದರೆ ಅದರಲ್ಲಿ 340 ಮಿಲಿಗ್ರಾಂ ಹಿಡಿಯುತ್ತದೆ. 0.8 ಗ್ರಾಂ ತೂಗುವ ಪುಡಿಯಾದರೆ 544. ಮೆಂತ್ಯವನ್ನು ಹುರಿದು ಪುಡಿಮಾಡಿದರೆ ಒಂದು ತೂಕ, ಹಸಿಯಾಗಿ ಮಾಡಿದರೆ ಇನ್ನೊಂದು. ತರಿಯಾಗಿದ್ದರೆ ಒಂದು, ವಸ್ತ್ರಗಾಳಿತವಾಗಿದ್ದರೆ ಮತ್ತೊಂದು. ಕೈ ಹೊಸದಾಗಿದ್ದಾಗ ಒತ್ತಿ ತುಂಬುತ್ತದೆ, ದಣಿದಾಗ ಸಡಿಲ ಬಿಡುತ್ತದೆ. ಹೊರಗೆ ನೋಡಿದರೆ ಎಲ್ಲವೂ ಒಂದೇ.

ಇದಕ್ಕೆ ಪರಿಹಾರ ತಂದೆಯವರ ಗಾಜಿನ ಹಲಗೆಯ ಮೇಲೆಯೇ ಇತ್ತು. ಬಿಡಿಯನ್ನಲ್ಲ, ಇಡಿಯನ್ನು ತೂಗಬೇಕು. ನೂರು ತೂತಿನ ತುಂಬುವ ಹಲಗೆ ಈಗ ಅಂಗಡಿಗಳಲ್ಲಿ ಸಿಗುತ್ತದೆ. ಒಂದಕ್ಕೆ 350 ಮಿಲಿಗ್ರಾಂ ಬೇಕಾದರೆ ನೂರಕ್ಕೆ 35 ಗ್ರಾಂ. ಅಡಿಗೆಮನೆಯ ತಕ್ಕಡಿ ಒಂದು ಕ್ಯಾಪ್ಸೂಲನ್ನು ತೂಗಲಾರದು. ಆದರೆ 35 ಗ್ರಾಮಿನಲ್ಲಿ ಒಂದು ಗ್ರಾಂ ತಪ್ಪಿದರೂ ನೂರಕ್ಕೆ ಮೂರರಷ್ಟೇ ದೋಷ, ಅದೂ ಎಲ್ಲ ನೂರಕ್ಕೂ ಹಂಚಿಹೋಗುತ್ತದೆ. ಜರಡಿ ಹಿಡಿದ ಆ 35 ಗ್ರಾಂ ಪುಡಿಯನ್ನು ಹಲಗೆಯ ಮೇಲೆ ಹರಡಿ, ಒತ್ತಿ, ಮತ್ತೆ ಹರಡಿ, ಪೂರ್ತಿ ಒಳಗೆ ಹೋಗುವ ತನಕ ಸಮನಾಗಿ ತುಂಬಬೇಕು. ಪುಡಿ ಉಳಿದರೆ ಒಂದಿಷ್ಟು ಒತ್ತು ಸಾಲದು; ಮೊದಲೇ ಮುಗಿದರೆ ಒತ್ತು ಹೆಚ್ಚಾಯಿತು. ಬಳಿಕ ಅಲ್ಲಲ್ಲಿಂದ ಇಪ್ಪತ್ತನ್ನು ಆರಿಸಿ ಸಣ್ಣ ತಕ್ಕಡಿಯಲ್ಲಿ ತೂಗಿ ನೋಡಬೇಕು. ಸೊನ್ನೆ ಸಂಖ್ಯೆಯ ಖಾಲಿ ಚಿಪ್ಪು ಸುಮಾರು 100 ಮಿಲಿಗ್ರಾಂ ಇರುವುದರಿಂದ ಅಷ್ಟನ್ನು ಕಳೆಯುವುದನ್ನು ಮರೆಯಬಾರದು.

ಮುಂಬಯಿಯ ಮಳೆಗಾಲದಲ್ಲಿ ಇದನ್ನು ಮಾಡದಿರುವುದು ಮೇಲು. ಜಿಲಾಟಿನ್ ಚಿಪ್ಪಿನಲ್ಲಿ ನೂರಕ್ಕೆ 13ರಿಂದ 16ರಷ್ಟು ನೀರಿನಂಶ ಸಹಜವಾಗಿಯೇ ಇರುತ್ತದೆ. ತೇವ ಹೆಚ್ಚಾದರೆ ಮೆತ್ತಗಾಗಿ ಒಂದಕ್ಕೊಂದು ಅಂಟುತ್ತದೆ, ಒಣಗಿದರೆ ಹಪ್ಪಳದಂತೆ ಮುರಿಯುತ್ತದೆ. ಇನ್ನೊಂದು ಮಾತು. ಜಿಲಾಟಿನ್ ಮಾಡುವುದು ಪ್ರಾಣಿಗಳ ಮೂಳೆ, ಚರ್ಮಗಳಿಂದ. ಶಾಕಾಹಾರದ ನಿಷ್ಠೆಯುಳ್ಳ ಮನೆಗಳವರು ಸಸ್ಯದ ಸೆಲ್ಯುಲೋಸಿನಿಂದ ಮಾಡಿದ ಚಿಪ್ಪನ್ನು ಕೇಳಿ ಕೊಳ್ಳಬಹುದು.

ಆದರೆ ಇದೆಲ್ಲ ಮೆಂತ್ಯ, ಶುಂಠಿಯಂಥ ಅಡಿಗೆಮನೆಯ ಪದಾರ್ಥಗಳಿಗೆ ಮಾತ್ರ. ವೈದ್ಯರು ಬರೆದುಕೊಟ್ಟ ಮಾತ್ರೆಯನ್ನು ಪುಡಿಮಾಡಿ ಚಿಪ್ಪಿಗೆ ತುಂಬುವುದು, ರಸ, ಭಸ್ಮಗಳನ್ನು ಅಂದಾಜಿನಲ್ಲಿ ತುಂಬುವುದು ಸರ್ವಥಾ ಕೂಡದು. ಒಂದು ಕಾಳು ಹೆಚ್ಚಾದರೆ ಜೀವಕ್ಕೆ ಸಂಚಕಾರ ತರುವ ಮದ್ದುಗಳುಂಟು. ಅವಕ್ಕೆ ಓದಿದವರ ಕೈಯೂ ನೂರು ಕಾವಲೂ ಬೇಕು. ಮತ್ತು ಅಡಿಗೆಮನೆಯ ಪದಾರ್ಥವೂ ಚಿಪ್ಪಿನೊಳಗೆ ಹೊಕ್ಕ ಮೇಲೆ ಮದ್ದೇ. ಸಾರಿನಲ್ಲಿ ಮೆಂತ್ಯ ಹೆಚ್ಚಾದರೆ ತಟ್ಟೆಯನ್ನು ಪಕ್ಕಕ್ಕೆ ಸರಿಸುತ್ತೇವೆ. ಚಿಪ್ಪಿನಲ್ಲಿ ಹೆಚ್ಚಾದರೆ ನುಂಗಿಬಿಡುತ್ತೇವೆ.

ಪರಊರಿನಲ್ಲಿ ಬಾಳುವ ನಮಗೆ ಊರಿನಿಂದ ಬರುವ ಪುಡಿ ಡಬ್ಬಿಗಳ ಮೇಲೆ ಒಂದು ವಿಶೇಷ ಮಮತೆ. ಅಮೃತಬಳ್ಳಿ, ನೆಲ್ಲಿ, ಅಶ್ವಗಂಧ, ಮೆಂತ್ಯ, ಯಾವುದೇ ಇರಲಿ, ಅದರೊಳಗೆ ಕಳಿಸಿದವರ ಕೈಯ ವಾಸನೆಯಿರುತ್ತದೆ. ಮಮತೆಯಿಂದ ಬಂದದ್ದನ್ನು ತೂಗುವುದೇ ಎಂದು ಸಂಕೋಚವಾಗುವುದೂ ಉಂಟು. ಆದರೆ ಅಜ್ಜಿ ಎಣಿಸಿದ ಬಜೆಯ ಸುತ್ತೂ ಮಮತೆಯೇ ಆಗಿತ್ತಲ್ಲವೆ? ಅವಳು ಎಣಿಕೆ ತಪ್ಪಿದವಳಲ್ಲ.

ಯುಗಾದಿಗೆ ಮತ್ತೆ ಡೊಂಬಿವಲಿಗೆ ಹೋಗಿದ್ದೆ. ಮೇಜಿನ ಮೇಲೆ ನೂರು ತೂತಿನ ಹಲಗೆ, ಸಣ್ಣ ತಕ್ಕಡಿ ಎರಡೂ ಇದ್ದವು. ಕ್ಯಾಪ್ಸೂಲು ತುಂಬಿದ ಸೀಸೆಗೆ ಅಕ್ಕ ಒಂದು ಚೀಟಿ ಅಂಟಿಸಿದ್ದಳು: ಮೆಂತ್ಯ, ಹುರಿಯದ್ದು, ಒಂದಕ್ಕೆ 350 ಮಿ.ಗ್ರಾಂ, ಕೆಳಗೆ ತುಂಬಿದ ದಿನಾಂಕ. ಆ ಚೀಟಿಯನ್ನು ಭಾವ ವೈದ್ಯರಿಗೆ ತೋರಿಸಿದರಂತೆ. ವೈದ್ಯರು ಅದನ್ನು ತಮ್ಮ ಪುಸ್ತಕದಲ್ಲಿ ಬರೆದುಕೊಂಡು, ಎರಡರ ಬದಲು ಒಂದೇ ಸಾಕೆಂದರಂತೆ.